ಫೋಟೋ ಹುಚ್ಚಿನಿಂದ ಸಿನಿಮಾ ಕ್ಯಾಮೆರಾದವರೆಗೆ: ಬೆಂಗಳೂರಿನಲ್ಲಿ ಛಾಯಾಗ್ರಾಹಕರಾಗುವ ದಾರಿ

ಚಿಕ್ಕಂದಿನಿಂದ ಫೋಟೋ ತೆಗೆದು ಕೈ ಪಳಗಿದವರು ಸಿನಿಮಾ ಸೆಟ್ಟಿಗೆ ಬಂದ ಮೊದಲ ವಾರದಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ. ಕಾಂಪೊಸಿಷನ್ ಅವರಿಗೆ ಗೊತ್ತಿರುತ್ತದೆ, ಲೆನ್ಸೂ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಬೆಳಕನ್ನು ಹಿಡಿದು ನಿಲ್ಲಿಸುವುದು. ಫೋಟೋಗ್ರಾಫರ್ ಒಳ್ಳೆಯ ಬೆಳಕಿಗಾಗಿ ಕಾಯುತ್ತಾನೆ, ಬಂದ ಕೂಡಲೇ ಬಟನ್ ಒತ್ತುತ್ತಾನೆ, ಅಲ್ಲಿಗೆ ಮುಗಿಯಿತು. ಸಿನಿಮಾದಲ್ಲಿ ಬೆಳಗ್ಗೆ 8ಕ್ಕೆ ತೆಗೆದ ವೈಡ್ ಶಾಟ್‌ಗೆ ಮಧ್ಯಾಹ್ನ 1ಕ್ಕೆ ತೆಗೆದ ಕ್ಲೋಸಪ್ ಅಂಟಬೇಕು. ಪರದೆಯ ಮೇಲೆ ಆ ಎರಡರ ನಡುವೆ ಒಂದು ಫ್ರೇಮಿನ ಅಂತರವೂ ಇರುವುದಿಲ್ಲ. ಈ ಮಾರ್ಗದರ್ಶಿಯ ಬಹುಪಾಲು ಅದರ ಸುತ್ತಲೇ ಇದೆ. ಕೋರ್ಸು, ಕೆಲಸ, ಹಣದ ಮಾತು ಆಮೇಲೆ.

ಮೊದಲು ಬಿಡಬೇಕಾದ ಅಭ್ಯಾಸಗಳು

ಸ್ಟಿಲ್ ಫೋಟೋಗ್ರಫಿಯಲ್ಲಿ ಶಟರ್ ಸ್ಪೀಡ್ ನಿಮ್ಮ ಕೈಯಲ್ಲಿ ಬೇಕಾದ ಹಾಗೆ ಕುಣಿಯುವ ಅಂಶ. ಬಿಸಿಲು ಜಾಸ್ತಿಯಾದರೆ ಸೆಕೆಂಡಿನ 2000ನೇ ಒಂದು ಭಾಗಕ್ಕೆ ಏರಿಸುತ್ತೀರಿ. ವಿಡಿಯೋದಲ್ಲಿ ಹಾಗೆ ಮಾಡಿದರೆ ನಡೆಯುವವರ ಕೈಕಾಲು ತುಂಡುತುಂಡಾಗಿ ಜಿಗಿದಂತೆ ಕಾಣುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಶಟರ್ ಆಂಗಲ್ 180 ಡಿಗ್ರಿ (ಒಂದು ಫ್ರೇಮಿನ ಅವಧಿಯಲ್ಲಿ ಅರ್ಧ ಹೊತ್ತು ಶಟರ್ ತೆರೆದಿರುವುದು), ಅಂದರೆ ಸೆಕೆಂಡಿನ 48ನೇ ಒಂದು ಭಾಗ. ಕಣ್ಣಿಗೆ ಸಹಜವೆನಿಸುವ ಮಸುಕು ಬರುವುದು ಇಲ್ಲಿ. ಹಾಗಾಗಿ ಎಕ್ಸ್‌ಪೋಷರ್ ಸರಿಪಡಿಸಲು ಉಳಿಯುವುದು ಅಪರ್ಚರ್, ಐಎಸ್‌ಒ, ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು) ಮತ್ತು ಬೆಳಕೇ.

ಬೆಂಗಳೂರಿನಲ್ಲಿ ಇನ್ನೊಂದು ತಿದ್ದುಪಡಿ ಬೇಕು. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಬಾರಿ ಮಿಡಿಯುತ್ತವೆ. ಶಟರ್ 50ನೇ ಒಂದು ಭಾಗವಾದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಡಿತ ಸಿಗುತ್ತದೆ, ಚಿತ್ರ ಸ್ಥಿರವಾಗಿರುತ್ತದೆ. 60ನೇ ಒಂದು ಭಾಗದಲ್ಲಿಟ್ಟರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಉರುಳುತ್ತವೆ. ಆದ್ದರಿಂದ ಆಂಗಲ್ ತೋರಿಸುವ ಕ್ಯಾಮೆರಾದಲ್ಲಿ 24 ಫ್ರೇಮಿಗೆ 172.8 ಡಿಗ್ರಿ, ಸ್ಟಿಲ್ ಕ್ಯಾಮೆರಾದಲ್ಲಿ ನೇರವಾಗಿ 50ನೇ ಒಂದು ಭಾಗ ಇಡಿ. ಮೊಬೈಲಿನಲ್ಲಾದರೆ ಮ್ಯಾನ್ಯುಯಲ್ ಆ್ಯಪ್ ಹಾಕಿಕೊಳ್ಳಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. ಸ್ಲೋ ಮೋಷನ್ ಬೇಕೆಂದು ಟ್ಯೂಬ್‌ಲೈಟಿನ ಕೆಳಗೆ 120 ಫ್ರೇಮ್ ಇಟ್ಟರೆ ಏನು ಮಾಡಿದರೂ ಮಿನುಗು ಹೋಗದು, ಏಕೆಂದರೆ ಒಂದು ಫ್ರೇಮಿನ ಅವಧಿಯೇ ಒಂದು ಮಿಡಿತಕ್ಕಿಂತ ಚಿಕ್ಕದು. 50 ಫ್ರೇಮಿಗೆ ನಿಂತು, ಶಟರ್ 100ನೇ ಒಂದು ಭಾಗ ಇಡಿ.

ಉಳಿದ ಅಭ್ಯಾಸಗಳು ಚಿಕ್ಕವು. ಮೊಬೈಲನ್ನು ಉದ್ದಕ್ಕೆ ಹಿಡಿಯುವುದು, ಫ್ಲ್ಯಾಶ್ ನೆಚ್ಚಿಕೊಳ್ಳುವುದು, 'ಆಮೇಲೆ ಎಡಿಟ್ ಮಾಡಿದರಾಯಿತು' ಎನ್ನುವುದು. ಒಂದು ತಿಂಗಳು ಒಂದೇ ಲೆನ್ಸ್, 35 ಮಿಮೀ ಅಥವಾ 50 ಮಿಮೀ, ಅಡ್ಡ ಫ್ರೇಮಿನಲ್ಲಿ ಮಾತ್ರ ಬಳಸಿ. ದಿನಕ್ಕೆ ಆರು ಫೋಟೋ ಸಾಕು, ಆದರೆ ಆರೂ ಒಂದೇ ಘಟನೆಯವು ಇರಲಿ. ಗಾಂಧಿಬಜಾರಿನ ಹೂವಿನ ಅಂಗಡಿಯವರು ಬಾಗಿಲು ತೆಗೆಯುವುದರಿಂದ ಮೊದಲ ಮೊಳ ಅಳೆದು ಕೊಡುವವರೆಗೆ. ಮಾತಿಲ್ಲದೆ ಆರು ಫೋಟೋ ನೋಡಿದವರಿಗೆ ವಿಷಯ ತಿಳಿಯದಿದ್ದರೆ ನಾಳೆ ಮತ್ತೆ.

ಊರಿನ ಬಿಸಿಲನ್ನು ಓದುವುದು

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದ ಸುಮಾರಿಗೆ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಮಾಯವಾಗುತ್ತದೆ. ಆ ದಿನಗಳಲ್ಲಿ 11ರಿಂದ 2ರವರೆಗೆ ಬಯಲಲ್ಲಿ ನಿಂತವರ ಕಣ್ಣಿನ ಗುಳಿ ಕಪ್ಪಾಗಿ, ಮೂಗಿನ ನೆರಳು ಮೀಸೆಯಂತೆ ಬೀಳುತ್ತದೆ. ಎಷ್ಟು ದೊಡ್ಡ ಸ್ಟಾರ್ ಆದರೂ ಅಷ್ಟೇ. ಆ ಹೊತ್ತನ್ನು ಒಳಾಂಗಣಕ್ಕೆ, ಮರದ ನೆರಳಿಗೆ, ಊಟಕ್ಕೆ ಇಟ್ಟುಕೊಳ್ಳುವುದು ಲೇಸು.

ಸಂಜೆಯ ಚಿನ್ನದ ಬೆಳಕು ನಮ್ಮಲ್ಲಿ ಬಹಳ ಹೊತ್ತು ಇರುವುದಿಲ್ಲ. ಯುರೋಪಿನ ಟ್ಯುಟೋರಿಯಲ್ ನೋಡಿ ಒಂದೂವರೆ ಗಂಟೆ ಸಿಗುತ್ತದೆಂದು ಲೆಕ್ಕ ಹಾಕಿದವರು ಅಳುತ್ತಾರೆ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಒಳ್ಳೆಯ ಓರೆ ಬಿಸಿಲು ಅರ್ಧ ಗಂಟೆ, ಮುಳುಗಿದ ಮೇಲಿನ ನೀಲಿ ಸಂಜೆ 20 ನಿಮಿಷದ ಆಸುಪಾಸು. ಅಷ್ಟರಲ್ಲಿ ಮೂರು ಶಾಟ್ ಆದರೆ ದೊಡ್ಡದು. ರಿಹರ್ಸಲ್, ಲೆನ್ಸ್, ಟ್ರ್ಯಾಕ್ ಎಲ್ಲ 5 ಗಂಟೆಗೇ ಸಿದ್ಧವಿರಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೊಂದರೆ ಬೇರೆ. ಮೋಡ ಸೂರ್ಯನ ಮೇಲೆ ಸರಿದುಹೋಗುವಾಗ ಒಂದೇ ಶಾಟಿನ ನಡುವೆ ಎರಡು ಮೂರು ಸ್ಟಾಪ್ ವ್ಯತ್ಯಾಸವಾಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧವಾಗುವುದು). ಪೂರ್ತಿ ಮೋಡ ಕವಿದ ದಿನ ಛಾಯಾಗ್ರಾಹಕನಿಗೆ ಹಬ್ಬ. ಅರ್ಧಂಬರ್ಧ ಮೋಡದ ದಿನ ಶನಿಕಾಟ. ಅಂಥ ದಿನ ಸೆಟ್ಟಿನಲ್ಲಿ ಒಬ್ಬರು ಕಪ್ಪು ಗಾಜಿನಲ್ಲಿ ಮೋಡ ನೋಡುತ್ತಾ 'ಇನ್ನು ನಾಲ್ಕು ನಿಮಿಷ ಬಿಸಿಲಿದೆ ಸಾರ್' ಎಂದು ಹೇಳುತ್ತಿರುತ್ತಾರೆ. ಆ ಕೆಲಸ ಸಹಾಯಕರ ಪಾಲಿಗೆ ಬರುತ್ತದೆ, ಈಗಲೇ ಕಲಿತಿಟ್ಟುಕೊಳ್ಳಿ.

ಒಂದು ನೋಟ್‌ಬುಕ್ ಇಡಿ. ಬೆಳಗಿನ ಜಾವದ ಕೆ.ಆರ್. ಮಾರ್ಕೆಟ್ ಹೂವಿನ ಸಾಲು, ಅವೆನ್ಯೂ ರಸ್ತೆಯ ಮಧ್ಯಾಹ್ನ, ಮಲ್ಲೇಶ್ವರ 8ನೇ ಕ್ರಾಸಿನ ದೀಪ ಹಚ್ಚುವ ಹೊತ್ತು, ಮಳೆ ನಿಂತ ಮೇಲಿನ ವಿ.ವಿ. ಪುರಂ ತಿಂಡಿ ಬೀದಿ: ಒಂದೊಂದಕ್ಕೂ ಸಮಯ, ಬೆಳಕು ಬರುವ ದಿಕ್ಕು, ಮುಖದ ಎರಡು ಬದಿಗೆ ಎಷ್ಟು ಸ್ಟಾಪ್ ವ್ಯತ್ಯಾಸ, ಯಾವ ದೀಪ ಯಾವ ಬಣ್ಣ ಎಂದು ಬರೆಯಿರಿ. ಹೂವಿನ ಮಾರ್ಕೆಟ್ಟಿನಲ್ಲಿ ಹಳದಿ ಬಲ್ಬು, ಹಸಿರು ಸೂಸುವ ಟ್ಯೂಬು, ಬೆಳಗಾಗುತ್ತಿರುವ ನೀಲಿ ಆಕಾಶ ಮೂರೂ ಒಂದೇ ಮುಖದ ಮೇಲೆ ಬೀಳುತ್ತವೆ. ಅದನ್ನು ಬಿಡಿಸಿ ನೋಡಲು ಬಂದರೆ ಬಣ್ಣದ ತಾಪಮಾನದ ಪಾಠ ಮುಕ್ಕಾಲು ಮುಗಿಯಿತು. ಟಂಗ್‌ಸ್ಟನ್ 3200 ಕೆಲ್ವಿನ್, ಹಗಲು 5600 ಕೆಲ್ವಿನ್ ಎಂಬ ಅಂಕಿಗಳು ಆಮೇಲೆ ತಾವಾಗಿಯೇ ನೆನಪಿರುತ್ತವೆ. ವೈಟ್ ಬ್ಯಾಲೆನ್ಸ್ ಮಾತ್ರ ಯಾವತ್ತೂ ಆಟೋದಲ್ಲಿ ಬೇಡ. ಶಾಟಿನ ಮಧ್ಯೆ ಬಣ್ಣ ಜಾರುತ್ತದೆ.

ಯಾವ ಕ್ಯಾಮೆರಾ

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು, ಮಹತ್ವದಲ್ಲಿ ಮಾತ್ರ ಕೊನೆಯದು. ಕಲಿಯಲು ಬೇಕಾದ್ದು ಪೂರ್ತಿ ಮ್ಯಾನ್ಯುಯಲ್ ನಿಯಂತ್ರಣ, ಲಾಗ್ ಪ್ರೊಫೈಲ್ (ಆಮೇಲೆ ಬಣ್ಣ ತಿದ್ದಲು ಜಾಗ ಬಿಟ್ಟು ಮಂಕಾಗಿ ದಾಖಲಿಸುವ ಬಗೆ) ಮತ್ತು 10 ಬಿಟ್ ರೆಕಾರ್ಡಿಂಗ್. 8 ಬಿಟ್‌ನಲ್ಲಿ ಲಾಗ್ ತೆಗೆದು ಗ್ರೇಡಿಂಗ್‌ನಲ್ಲಿ, ಅಂದರೆ ಬಣ್ಣ ತಿದ್ದುವಾಗ, ಎಳೆದರೆ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಪ್ಯಾನಾಸೋನಿಕ್ ಜಿಎಚ್5, ಫ್ಯೂಜಿಫಿಲ್ಮ್ ಎಕ್ಸ್-ಟಿ3 ಈ ಕೆಲಸಕ್ಕೆ ಸಾಕು. ಸ್ವಲ್ಪ ಹೆಚ್ಚು ಹಣವಿದ್ದರೆ ಸೋನಿ ಎಫ್ಎಕ್ಸ್30. ಅದರ ಲಾಗ್‌ನಲ್ಲಿ ಮೂಲ ಐಎಸ್‌ಒ (ಸೆನ್ಸರ್ ಚೆನ್ನಾಗಿ ಕೆಲಸ ಮಾಡುವ ಮಟ್ಟ) 800 ಮತ್ತು 2500 ಎಂದು ಎರಡಿವೆ. ಸಾಲ ಮಾಡಿ ಸಿನಿಮಾ ಕ್ಯಾಮೆರಾ ಕೊಳ್ಳಬೇಡಿ. ದೊಡ್ಡ ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಸಿನಿಮಾದವರೂ ಬಾಡಿಗೆಗೇ ತರುತ್ತಾರೆ.

ಮನೆಯಲ್ಲಿ ಅಪ್ಪನದೋ ಮಾವನದೋ ಹಳೆಯ ಫಿಲಂ ಕ್ಯಾಮೆರಾ ಇದ್ದರೆ ಅದರ 50 ಮಿಮೀ ಲೆನ್ಸ್ ಎಸೆಯಬೇಡಿ. ಅಡಾಪ್ಟರ್ ಹಾಕಿ ಮಿರರ್‌ಲೆಸ್ ಕ್ಯಾಮೆರಾಕ್ಕೆ ಕೂರಿಸಬಹುದು. ಈಗಿನ ಆಟೋಫೋಕಸ್ ಲೆನ್ಸುಗಳಲ್ಲಿ ಫೋಕಸ್ ರಿಂಗ್ ಕೊನೆಮೊದಲಿಲ್ಲದೆ ಸುತ್ತುತ್ತದೆ, ಗುರುತು ಹಾಕಲಾಗುವುದಿಲ್ಲ. ಹಳೆಯ ಲೆನ್ಸಿನಲ್ಲಿ ಎರಡೂ ತುದಿಗೆ ಗಟ್ಟಿ ನಿಲುಗಡೆ ಇರುತ್ತದೆ, ಫೋಕಸ್ ಎಳೆಯುವ ಅಭ್ಯಾಸಕ್ಕೆ ಅದೇ ಬೇಕು. ಒಂದು ಎಚ್ಚರ: ನಿಕಾನ್ ಲೆನ್ಸುಗಳ ರಿಂಗ್ ಸಿನಿಮಾ ಲೆನ್ಸಿಗೆ ಉಲ್ಟಾ ದಿಕ್ಕಿನಲ್ಲಿ ತಿರುಗುತ್ತದೆ. ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವಾಂಶ ಶೇ. 40ರಿಂದ 50.

ಎನ್‌ಡಿ ಫಿಲ್ಟರ್ ಇಲ್ಲದೆ ಹಗಲಲ್ಲಿ ಕೆಲಸವೇ ಇಲ್ಲ. ಲೆಕ್ಕ ನೋಡಿ. ಸುಡು ಬಿಸಿಲಿನಲ್ಲಿ ಐಎಸ್‌ಒ 100, ಶಟರ್ 100ನೇ ಒಂದು ಭಾಗಕ್ಕೆ ಎಫ್ 16. ಲಾಗ್‌ನ ಐಎಸ್‌ಒ 800ಕ್ಕೆ ಮೂರು ಸ್ಟಾಪ್, ಶಟರ್ 50ಕ್ಕೆ ಇನ್ನೊಂದು, ಒಟ್ಟು ನಾಲ್ಕು ಸ್ಟಾಪ್ ಏರಿ ಎಫ್ 64 ಆಗುತ್ತದೆ. ನಿಮಗೆ ಬೇಕಾದ್ದು ಎಫ್ 4. ನಡುವೆ ಎಂಟು ಸ್ಟಾಪ್, ಅಂದರೆ ಎನ್‌ಡಿ 2.4, ಪ್ರತಿ 0.3ಕ್ಕೆ ಒಂದು ಸ್ಟಾಪ್. ಅಗ್ಗದ ವೇರಿಯಬಲ್ ಎನ್‌ಡಿಯನ್ನು ಕೊನೆತನಕ ತಿರುಗಿಸಿದರೆ ವೈಡ್ ಲೆನ್ಸಿನಲ್ಲಿ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯ ಹಾಗೆ ಕಪ್ಪು ಮಚ್ಚೆ ಬರುತ್ತದೆ. ಇನ್ಫ್ರಾರೆಡ್ ತಡೆಯದ ದಪ್ಪ ಎನ್‌ಡಿ ಹಾಕಿದರೆ ಕಪ್ಪು ಕೋಟು ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡನ್ನೂ ಡಿಐನಲ್ಲಿ (ಶೂಟಿಂಗ್ ಮುಗಿದ ಮೇಲೆ ಚಿತ್ರದ ಬಣ್ಣ ತಿದ್ದುವ ಹಂತ) ಸರಿಮಾಡುವುದು ಪ್ರಯಾಸದ ಕೆಲಸ.

ಅವರೆಕಾಯಿ ದೃಶ್ಯ: ಒಂದು ಕೋಣೆಯಲ್ಲಿ ಇಡೀ ಪಾಠ

ಬೆಳಕಿನ ಪಾಠಕ್ಕೆ ಸ್ಟುಡಿಯೋ ಬೇಡ. 10 ಅಡಿಗೆ 12 ಅಡಿಯ ಕೋಣೆ, ಪೂರ್ವಕ್ಕೆ ಕಿಟಕಿ, ನೆಲಮಹಡಿ ಅಥವಾ ಹೊರಗೆ ಬಾಲ್ಕನಿ. ಸಾಮಾನು ಇಷ್ಟು: 150 ವ್ಯಾಟ್‌ನ ಒಂದು ಎಲ್‌ಇಡಿ ಲೈಟು, ಒಂದು ಸ್ಟ್ಯಾಂಡು, ಒಂದು ಮೀಟರ್ ಉದ್ದದ ಎರಡು ಥರ್ಮಕೋಲ್ ಹಾಳೆ, ಒಂದು ಸುರುಳಿ ಬಟರ್ ಪೇಪರ್, ಚಿಕ್ಕಪೇಟೆಯಿಂದ ಐದು ಮೀಟರ್ ದಪ್ಪ ಕಪ್ಪು ಬಟ್ಟೆ, ಒಂದಡಿ ಕನ್ನಡಿ, ಮರಳು ತುಂಬಿದ ಎರಡು ಚೀಲ, ಬಟ್ಟೆ ಒಣಹಾಕುವ ಕ್ಲಿಪ್ಪು ಒಂದು ಡಜನ್. ವೈರು, ಪ್ಲಗ್ಗು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಒಂದು ಥರ್ಮಕೋಲಿನ ಒಂದು ಮುಖಕ್ಕೆ ಕಪ್ಪು ಬಳಿಯಿರಿ, ಆದರೆ ನೀರಿನ ಪೇಂಟಿನಲ್ಲಿ. ಸ್ಪ್ರೇ ಪೇಂಟ್ ಹೊಡೆದರೆ ಅದರ ದ್ರಾವಕಕ್ಕೆ ಥರ್ಮಕೋಲ್ ಕರಗಿ ಗುಳಿ ಬೀಳುತ್ತದೆ.

ದೃಶ್ಯ 40 ಸೆಕೆಂಡಿನದು. ಅಜ್ಜಿ ಕಿಟಕಿ ಪಕ್ಕ ಚಾಪೆಯ ಮೇಲೆ ಕೂತು ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾರೆ. ಮೊಮ್ಮಗ ಬಾಗಿಲಲ್ಲಿ ನಿಂತು, 'ಅಜ್ಜಿ, ಅಮ್ಮ ಬಂದ್ಲಾ?' ಎನ್ನುತ್ತಾನೆ. ಅಜ್ಜಿ ತಲೆ ಎತ್ತಿ, 'ಇನ್ನೂ ಇಲ್ಲ ಕಣೋ' ಎಂದು ಮತ್ತೆ ಕಾಯಿಗೆ ಕೈ ಹಾಕುತ್ತಾರೆ. ನಾಲ್ಕು ಶಾಟ್: ಇಡೀ ಕೋಣೆ, ಕಾಯಿ ಬಿಡಿಸುವ ಕೈ, ಅಜ್ಜಿಯ ಮುಖ, ಹುಡುಗನ ಮುಖ.

ಮೊದಲ ದಿನ ಯಾವ ಲೈಟೂ ಇಲ್ಲದೆ ತೆಗೆಯಿರಿ. ವೈಡ್ ಶಾಟ್ 8ಕ್ಕೆ, ಕೈ 9.30ಕ್ಕೆ, ಅಜ್ಜಿ 11ಕ್ಕೆ, ಹುಡುಗ 12.30ಕ್ಕೆ. ಜೋಡಿಸಿ ನೋಡಿ. ವೈಡ್‌ನಲ್ಲಿ ಚಾಪೆಯ ಮೇಲೆ ಕಿಟಕಿ ಸರಳುಗಳ ನೆರಳು, ಬೆಚ್ಚನೆಯ ಬಿಸಿಲು. ಕ್ಲೋಸಪ್ಪಿನಲ್ಲಿ ಬಿಸಿಲು ಹೋಗಿ ನೀಲಿ ಛಾಯೆಯ ಚಪ್ಪಟೆ ಬೆಳಕು. 40 ಸೆಕೆಂಡಿನಲ್ಲಿ ನಾಲ್ಕೂವರೆ ಗಂಟೆ ಕಳೆದಂತಿರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ನಾಲ್ಕೂ ಶಾಟ್ ಸುಂದರವಾಗಿರುತ್ತವೆ, ಫೋಟೋಗ್ರಾಫರ್‌ಗೆ ಬೇಜಾರಾಗುವುದೇ ಅಲ್ಲಿ.

ಎರಡನೇ ದಿನ ಬಿಸಿಲನ್ನು ಹೊರಗಿಡಿ. ಕಿಟಕಿಯ ಹೊರಗೆ ಕಪ್ಪು ಬಟ್ಟೆಯಿಂದ ಚಪ್ಪರದ ಹಾಗೆ ಕಟ್ಟಿ, ಚಪ್ಪರಕ್ಕೂ ಕಿಟಕಿಗೂ ನಡುವೆ ಎಲ್‌ಇಡಿ ನಿಲ್ಲಿಸಿ. ಬಿಸಿಲಿನ ಜೊತೆ 150 ವ್ಯಾಟ್ ಪೈಪೋಟಿ ಮಾಡಲಾರದು, ಅದಕ್ಕೇ ಈ ಚಪ್ಪರ. ಕಿಟಕಿಗೆ ಬಟರ್ ಪೇಪರ್ ಅಂಟಿಸಿ. ವೈಡ್‌ನಲ್ಲಿ ಕಿಟಕಿ ಕಾಣುವುದಾದರೆ ಬಟರ್ ಪೇಪರ್ ಬದಲು ತೆಳು ಬಿಳಿ ಪಂಚೆಯನ್ನು ಪರದೆಯಾಗಿ ಇಳಿಬಿಡಿ, ಮನೆಯ ಪರದೆಯಂತೆಯೇ ಕಾಣುತ್ತದೆ. ಒಗೆದು ಒಗೆದು ಹಳದಿಯಾದ ಪಂಚೆ ಬೆಳಕನ್ನೂ ಬೆಚ್ಚಗೆ ಮಾಡುತ್ತದೆ, ಬೇಕೆಂದೇ ಬಳಸಿದರೆ ಅದೂ ಒಳ್ಳೆಯದೇ.

ಈಗ ಅಳತೆ. ಐಎಸ್‌ಒ 800, ಶಟರ್ 50, ಕಿಟಕಿ ಬದಿಯ ಕೆನ್ನೆಗೆ ಎಫ್ 4 ಬರುವಂತೆ ಲೈಟಿನ ಮಟ್ಟ ಇಳಿಸಿ. ಅದಕ್ಕೆ ಸುಮಾರು 250 ಲಕ್ಸ್ ಸಾಕು. ಇನ್ನೊಂದು ಕೆನ್ನೆಗೆ ಎಫ್ 2 ಬಂದರೆ ಎರಡು ಸ್ಟಾಪ್ ವ್ಯತ್ಯಾಸ, ಅಂದರೆ ನಾಲ್ಕಕ್ಕೆ ಒಂದು. ಮನೆಯ ಬೆಳಗಿಗೆ ಇದು ಹಿತ. ಆ ಕೆನ್ನೆಗೆ ಬೆಳಕು ಕಮ್ಮಿಯಾದರೆ ಬಿಳಿ ಥರ್ಮಕೋಲ್ ಹತ್ತಿರ ತನ್ನಿ, ಜಾಸ್ತಿಯಾದರೆ ಕಪ್ಪು ಮುಖ ತಿರುಗಿಸಿ. ಸುಣ್ಣ ಬಳಿದ ಚಿಕ್ಕ ಕೋಣೆಗಳಲ್ಲಿ ನೆರಳು ನಿಲ್ಲದಿರುವುದೇ ಸಮಸ್ಯೆ, ಗೋಡೆಗಳೆಲ್ಲ ಥರ್ಮಕೋಲಿನ ಕೆಲಸ ಮಾಡುತ್ತವೆ. ಅಲ್ಲಿ ಕಪ್ಪು ಮುಖವೇ ಹೆಚ್ಚು ಬೇಕಾಗುತ್ತದೆ.

ಲೈಟನ್ನು ಕೋಣೆಯೊಳಗೆ ಅಜ್ಜಿಯ ಪಕ್ಕದಲ್ಲೇ ಏಕೆ ಇಡಬಾರದು? ಒಂದು ಮೀಟರ್ ದೂರದ ಲೈಟಿನಿಂದ ಅಜ್ಜಿ ಇನ್ನೊಂದು ಮೀಟರ್ ಸರಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಎರಡು ಸ್ಟಾಪ್ ಹೋಯಿತು. ನಾಲ್ಕು ಮೀಟರ್ ದೂರದ ಲೈಟಿನಿಂದ ಐದಕ್ಕೆ ಸರಿದರೆ ಹೋಗುವುದು ಮುಕ್ಕಾಲು ಸ್ಟಾಪಿಗಿಂತ ಕಡಿಮೆ. ದೂರದ ಲೈಟು ನಟರಿಗೆ ಓಡಾಡುವ ಸ್ವಾತಂತ್ರ್ಯ ಕೊಡುತ್ತದೆ. ಹಾಗೆಯೇ ಮೃದು ಬೆಳಕಿಗೆ ಬೇಕಾದ್ದು ವ್ಯಾಟ್ ಅಲ್ಲ, ಬೆಳಕು ಹೊರಡುವ ಜಾಗದ ಅಗಲ. 1956ರ 'ಅಪರಾಜಿತೋ' ಚಿತ್ರಕ್ಕೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ ಛಾಯಾಗ್ರಾಹಕ ಸುಬ್ರತೊ ಮಿತ್ರ ಮೇಲೆ ಬಿಳಿ ಬಟ್ಟೆ ಹರಡಿ, ಲೈಟನ್ನು ಅದಕ್ಕೆ ಹೊಡೆದು ಪುಟಿಸಿದರು. ಇಂದು ಪ್ರತಿ ಸೆಟ್ಟಿನಲ್ಲಿ ಥರ್ಮಕೋಲ್ ಹಿಡಿದು ನಿಂತವರು ಮಾಡುವುದೂ ಅದನ್ನೇ.

ಗಡಸು ಬೆಳಕು ಬೇಕಾದಾಗ ಕನ್ನಡಿ ತೆಗೆಯಿರಿ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್'ನಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ಹಾಯಿಸಿ ಬೆಳಕಿನ ಕೋಲು ನಿಲ್ಲಿಸಿದ್ದು ಇವತ್ತಿಗೂ ಪಾಠವೇ. ಮನೆಯಲ್ಲಿ ಮಾಡಿ ನೋಡಿದರೆ ಅದರ ಕಷ್ಟ ತಿಳಿಯುತ್ತದೆ: ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, ಐದು ಮೀಟರ್ ದೂರದ ಗೋಡೆಯ ಮೇಲೆ ನಿಮ್ಮ ಬೆಳಕಿನ ಚೌಕ ಅಷ್ಟರಲ್ಲಿ ಸುಮಾರು ಒಂಬತ್ತು ಸೆಂಟಿಮೀಟರ್ ಜರುಗಿರುತ್ತದೆ. ಪ್ರತಿ ಟೇಕಿಗೂ ಕನ್ನಡಿ ತಿದ್ದಬೇಕು. ಕೋಲು ಕಾಣಬೇಕಾದರೆ ಗಾಳಿಯಲ್ಲಿ ಹೊಗೆ ಬೇಕು. ಊದುಬತ್ತಿಯ ನಾಲ್ಕು ಕಡ್ಡಿ ಚಿಕ್ಕ ಕೋಣೆಗೆ ಸಾಕು, ಫ್ಯಾನ್ ಮಾತ್ರ ಹಾಕಬೇಡಿ.

ಕರೆಂಟಿನ ಎಚ್ಚರವೂ ಇಲ್ಲೇ. ಮನೆಯ ಚಿಕ್ಕ ಪ್ಲಗ್ 6 ಆಂಪಿಯರ್, 230 ವೋಲ್ಟಿಗೆ 1380 ವ್ಯಾಟ್. ಬಾಡಿಗೆಗೆ ತಂದ ಒಂದು ಕಿಲೋವ್ಯಾಟ್‌ನ ಬೇಬಿ ಲೈಟು ಒಂದೇ ಒಂದು ಹಾಕಬಹುದು. ಎರಡನೆಯದನ್ನು ಅದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದರೆ ವೈರು ಕರಗುವ ವಾಸನೆ ಬರುತ್ತದೆ. ಗೀಸರಿನ 16 ಆಂಪಿಯರ್ ಪ್ಲಗ್ಗಿಗೆ ದಪ್ಪ ವೈರು ಹಾಕಿ. ಉರಿಯುವ ಟಂಗ್‌ಸ್ಟನ್ ಲೈಟಿನ ಮುಖಕ್ಕೆ ಬಟರ್ ಪೇಪರ್ ತಾಗಿಸಿ ಕಟ್ಟಬೇಡಿ, ಹೊತ್ತಿಕೊಳ್ಳುತ್ತದೆ.

ಇದೇ ದೃಶ್ಯವನ್ನು ಐದು ಬಾರಿ ತೆಗೆಯಿರಿ: ಬೆಳಗು, ಮಳೆಯ ಮಧ್ಯಾಹ್ನ, ಸಂಜೆ, ಕರೆಂಟ್ ಹೋದ ರಾತ್ರಿ ದೀಪದಲ್ಲಿ, ಬೀದಿದೀಪ ಮಾತ್ರ ಒಳಬರುವ ನಡುರಾತ್ರಿ. ಐದನ್ನೂ ಹಗಲಲ್ಲೇ ತೆಗೆಯಲು ಬಂದ ದಿನ ನೀವು ಫೋಟೋಗ್ರಾಫರ್ ಗಡಿ ದಾಟಿರುತ್ತೀರಿ.

ಫೋಕಸ್ ಮತ್ತು ಚಲನೆ

ಹಿಂಬದಿ ಪೂರ್ತಿ ಮಸುಕಾದರೆ ಸಿನಿಮಾ ಎಂಬ ಭ್ರಮೆ ಫೋಟೋದಿಂದ ಬರುವವರಿಗೆ ಸಾಮಾನ್ಯ. ಫುಲ್ ಫ್ರೇಮಿನಲ್ಲಿ 85 ಮಿಮೀ ಲೆನ್ಸ್, ಎಫ್ 1.4, ಒಂದೂವರೆ ಮೀಟರ್ ದೂರ: ಸ್ಪಷ್ಟವಾಗಿರುವ ಆಳ ಸುಮಾರು ಎರಡೂವರೆ ಸೆಂಟಿಮೀಟರ್. ನಟಿ ಉಸಿರೆಳೆದುಕೊಂಡರೂ ಕಣ್ಣು ಮಸುಕು. ಅದೇ ಎಫ್ 4ಕ್ಕೆ ಏಳೂವರೆ ಸೆಂಟಿಮೀಟರ್, ಫೋಕಸ್ ಎಳೆಯುವವರು ಬದುಕಿಕೊಳ್ಳುತ್ತಾರೆ. ಅಳತೆಯನ್ನು ಟೇಪಿನಲ್ಲಿ ಸೆನ್ಸರ್ ಗುರುತಿನಿಂದ ಹಿಡಿಯಬೇಕು. ಕ್ಯಾಮೆರಾ ಮೈಮೇಲೆ ವೃತ್ತವನ್ನು ಗೆರೆ ಸೀಳಿದಂತಿರುವ ಚಿಹ್ನೆ ಅದು. ಲೆನ್ಸಿನ ಮೂತಿಯಿಂದ ಅಳೆದರೆ ತಪ್ಪು. ಮನೆಯಲ್ಲಿ ನೆಲಕ್ಕೆ ಟೇಪಂಟಿಸಿ ಒಂದು, ಎರಡು, ಮೂರು ಮೀಟರ್ ಗುರುತು ಹಾಕಿ, ತಮ್ಮನನ್ನೋ ತಂಗಿಯನ್ನೋ ನಡೆಸಿ, ದಿನಕ್ಕೆ ಇಪ್ಪತ್ತು ಸಲ ಫೋಕಸ್ ಎಳೆಯಿರಿ.

ನಡೆಯುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಕೊಳ್ಳುವ ಮೊದಲು ಆರು ತಿಂಗಳು ಟ್ರೈಪಾಡ್ ಸಾಕು. ಚಲಿಸುವ ಕ್ಯಾಮೆರಾ ಶುರುವಿಗೂ ಕೊನೆಗೂ ಎರಡು ಗಟ್ಟಿ ಫ್ರೇಮುಗಳನ್ನು ಬೇಡುತ್ತದೆ. ಎರಡೂ ಗೊತ್ತಿಲ್ಲದೆ ತೇಲಿಸಿದ ಶಾಟನ್ನು ಎಡಿಟರ್ ಎಲ್ಲಿ ಕತ್ತರಿಸಲಿ? ಸಂಭಾಷಣೆಯಲ್ಲಿ ಇಬ್ಬರ ನಡುವಿನ ಕಾಲ್ಪನಿಕ ಗೆರೆಯ ಒಂದೇ ಬದಿಗೆ ನಿಲ್ಲುವುದು, ಒಂದೇ ವ್ಯಕ್ತಿಯ ಎರಡು ಶಾಟುಗಳ ನಡುವೆ ಕನಿಷ್ಠ 30 ಡಿಗ್ರಿ ಸರಿಯುವುದು, ಇವನ್ನು ಎಡಿಟಿಂಗ್ ಟೇಬಲ್ಲಿನಲ್ಲಿ ಕಲಿಯಿರಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು.

ಓದಬೇಕೇ, ಎಲ್ಲಿ

ಬೆಂಗಳೂರಿಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯೇ ಇದೆ. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಸಿನಿಮಾಟೋಗ್ರಫಿ ಡಿಪ್ಲೊಮಾ ವಿ.ಕೆ. ಮೂರ್ತಿಯವರನ್ನೂ 1962ರಲ್ಲಿ ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿಯವರನ್ನೂ ಕೊಟ್ಟಿತು. ಮೂರ್ತಿಯವರು ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಆ ವಿಭಾಗದ ಮುಂದುವರಿಕೆಯೇ ಇಂದಿನ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಇನ್‌ಸ್ಟಿಟ್ಯೂಟ್. ಪದವಿ ಮುಗಿಸಿದವರಿಗೆ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಗಳಲ್ಲಿ ಮೂರು ವರ್ಷದ ಸಿನಿಮಾಟೋಗ್ರಫಿ ಕೋರ್ಸುಗಳಿವೆ, ಪ್ರವೇಶ ಪರೀಕ್ಷೆ ಬರೆಯಬೇಕು. ಯಾವ ವಿಷಯದ ಪದವಿಯಾದರೂ ನಡೆಯುತ್ತದೆ, ಹಾಗಾಗಿ ಮನೆಯವರ ಒತ್ತಾಯಕ್ಕೆ ಬಿಕಾಂ ಮಾಡಿದ್ದೂ ವ್ಯರ್ಥವಲ್ಲ.

ಖಾಸಗಿ ಕೋರ್ಸಿಗೆ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ಒಂದು ಕ್ಯಾಮೆರಾಕ್ಕೆ ಎಷ್ಟು ವಿದ್ಯಾರ್ಥಿಗಳು? ವರ್ಷಕ್ಕೆ ಪ್ರತಿಯೊಬ್ಬರೂ ಸ್ವತಃ ಎಷ್ಟು ದಿನ ಶೂಟ್ ಮಾಡುತ್ತಾರೆ? ಕಳೆದ ಬ್ಯಾಚಿನವರ ಡಿಪ್ಲೊಮಾ ಚಿತ್ರ ತೋರಿಸುತ್ತೀರಾ? ಮೂರನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ.

ಕೋರ್ಸು ಸೇರಲಿ ಬಿಡಲಿ, ನೋಡುವ ಅಭ್ಯಾಸ ಬೇಕು. ಬನಶಂಕರಿ ಎರಡನೇ ಹಂತದ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇದೆ. ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನ ಆಧುನಿಕ ಕಲಾ ಗ್ಯಾಲರಿ, ಚಿತ್ರಕಲಾ ಪರಿಷತ್ತು, ವರ್ಷಕ್ಕೊಮ್ಮೆ ನಗರದ ಚಿತ್ರೋತ್ಸವ. ಪೇಂಟಿಂಗ್ ಮುಂದೆ ನಿಂತು ಬೆಳಕು ಯಾವ ಕಡೆಯಿಂದ, ಎಷ್ಟು ಎತ್ತರದಿಂದ ಬರುತ್ತಿದೆ ಎಂದು ಬೆರಳಿಟ್ಟು ಹೇಳಲು ಬರಬೇಕು.

ಸೆಟ್ಟಿಗೆ ಕಾಲಿಡುವುದು

ಒಳಬಾಗಿಲು ಎರಡು. ಒಂದು, ಕ್ಯಾಮೆರಾ ಬಾಡಿಗೆ ಕೊಡುವ ಕಡೆ ಅಟೆಂಡೆಂಟ್ ಆಗಿ ಸೇರುವುದು. ಸಂಬಳ ಸಣ್ಣದು, ಆದರೆ ವರ್ಷದಲ್ಲಿ ಹತ್ತಾರು ಛಾಯಾಗ್ರಾಹಕರ ಕೆಲಸ ಹತ್ತಿರದಿಂದ ನೋಡುತ್ತೀರಿ, ಎಲ್ಲ ಕ್ಯಾಮೆರಾ ಲೆನ್ಸು ಕೈಗೆ ಸಿಗುತ್ತವೆ. ಫೋಟೋದಿಂದ ಬಂದವರಲ್ಲಿ ಬಹಳ ಮಂದಿ ಇದನ್ನು ಕೀಳೆಂದು ಬಿಡುತ್ತಾರೆ, ನಷ್ಟ ಅವರಿಗೇ. ಎರಡನೆಯದು, ಛಾಯಾಗ್ರಾಹಕರೊಬ್ಬರಿಗೆ ಸಹಾಯಕರಾಗುವುದು. 'ಚಾನ್ಸ್ ಕೊಡಿ ಸಾರ್' ಎಂಬ ಸಂದೇಶ ದಿನಕ್ಕೆ ಹತ್ತು ಬರುತ್ತದೆ. ಅವರ ಯಾವುದಾದರೂ ಚಿತ್ರದ ಒಂದು ದೃಶ್ಯದ ಬೆಳಕಿನ ಬಗ್ಗೆ ನಾಲ್ಕು ಸಾಲು, ನಿಮ್ಮ ಅವರೆಕಾಯಿ ದೃಶ್ಯದ ಲಿಂಕು, ಯಾವ ದಿನದಿಂದ ಬಿಡುವಿದ್ದೀರಿ ಎಂಬುದು, ಇಷ್ಟು ಬರೆಯಿರಿ. ಗಾಂಧಿನಗರದ ಕಚೇರಿಗಳ ಮುಂದೆ ಸುಮ್ಮನೆ ನಿಲ್ಲುವುದರಿಂದ ಕಾಫಿ ಖರ್ಚು ಬಿಟ್ಟು ಏನೂ ಆಗದು.

ಸೆಟ್ಟಿನ ಕೆಲಸ ಹಿಂದಿನ ದಿನದ ಚೆಕಿಂಗ್‌ನಿಂದ ಶುರು. ಬಿಳಿ ಹಾಳೆಗೆ ಹಿಡಿದು ಎಫ್ 16ರಲ್ಲಿ ಸೆನ್ಸರ್ ಮೇಲಿನ ಧೂಳು ನೋಡಿ. ಪ್ರತಿ ಲೆನ್ಸನ್ನು ದೂರದ ನೀರಿನ ಟ್ಯಾಂಕಿಗೆ ಹಿಡಿದು ಇನ್ಫಿನಿಟಿ ಗುರುತಿಗೆ ಸರಿಯಾಗಿ ಬರುತ್ತದೆಯೇ ನೋಡಿ. ಬರದಿದ್ದರೆ ಆ ಲೆನ್ಸ್ ಬದಲಿಸಿಕೊಳ್ಳಿ, ಸೆಟ್ಟಿನಲ್ಲಿ ಅಳತೆಗಳೆಲ್ಲ ಸುಳ್ಳಾಗುತ್ತವೆ. ಬ್ಯಾಟರಿ, ಚಾರ್ಜರ್, ಕಾರ್ಡ್, ಕೇಬಲ್ ಎಣಿಸಿ ಬರೆದುಕೊಳ್ಳಿ. ವಾಪಸು ಕೊಡುವಾಗ ಕಳೆದುಹೋಗುವುದು ಯಾವಾಗಲೂ ಹತ್ತು ರೂಪಾಯಿಯ ಸ್ಕ್ರೂ, ಲೆಕ್ಕ ಬರುವುದು ಸಾವಿರದಲ್ಲಿ.

ಲೈಟು ನೀವಾಗಿ ಮುಟ್ಟಬೇಡಿ, ಅದು ಲೈಟ್‌ಮನ್‌ಗಳ ಕೆಲಸ. 'ಅಣ್ಣಾ, ಆ ಕಟ್ಟರ್ ಒಂದು ಚೂರು ಕೆಳಗೆ' ಎಂದು ಕೇಳಿ (ಕಟ್ಟರ್ ಎಂದರೆ ಬೆಳಕನ್ನು ಅಡ್ಡಗಟ್ಟುವ ಕಪ್ಪು ಹಲಗೆ). ಮೂವತ್ತು ವರ್ಷ ಲೈಟು ಹಿಡಿದವರು ಕೊಡುವ ಸಲಹೆ ಯಾವ ಕೋರ್ಸಿನಲ್ಲೂ ಸಿಗದು. ಡೈರೆಕ್ಟರ್ ಮುಂದೆ ಶಾಟಿನ ಬಗ್ಗೆ ಅಭಿಪ್ರಾಯ ಹೇಳಬೇಡಿ. ಪ್ಯಾಕಪ್ ಆದ ಮೇಲೆ ನಿಮ್ಮ ಛಾಯಾಗ್ರಾಹಕರನ್ನು ಕೇಳಿ.

ಡೇಟಾ ನಿಮ್ಮ ಕೈಗೆ ಬಂದರೆ ಅದಕ್ಕಿಂತ ದೊಡ್ಡ ಜವಾಬ್ದಾರಿ ಇಲ್ಲ. ಸೆಕೆಂಡಿಗೆ 400 ಮೆಗಾಬಿಟ್‌ನ ರೆಕಾರ್ಡಿಂಗ್ ಗಂಟೆಗೆ 180 ಜಿಬಿ ತುಂಬುತ್ತದೆ. ಮೂರು ಪ್ರತಿ, ಎರಡು ಬಗೆಯ ಡ್ರೈವ್, ಒಂದು ಬೇರೆ ಮನೆಯಲ್ಲಿ. ಎಳೆದು ಬಿಡುವ ಕಾಪಿ ಬೇಡ, ಪ್ರತಿ ಮೂಲಕ್ಕೆ ಸರಿಹೊಂದಿದೆಯೇ ಎಂದು ಚೆಕ್‌ಸಮ್ ನೋಡುವ ತಂತ್ರಾಂಶದಲ್ಲೇ ಮಾಡಿ. ತುಂಬಿದ ಕಾರ್ಡಿಗೆ ಕೆಂಪು ಟೇಪು, ಖಾಲಿಗೆ ಹಸಿರು. ಕೆಂಪು ಟೇಪು ಬಿಚ್ಚುವ ಅಧಿಕಾರ ಒಬ್ಬರಿಗೆ ಮಾತ್ರ. ಕುಂಬಳಕಾಯಿ ಒಡೆದ ಸಂಭ್ರಮದ ರಾತ್ರಿಯೇ ಕಾರ್ಡು ಅಳಿಸಿಹೋಗುವ ಅಪಾಯ ಹೆಚ್ಚು.

ಮದುವೆ ವಿಡಿಯೋ, ಕಾರ್ಪೊರೇಟ್ ಚಿತ್ರ, ಧಾರಾವಾಹಿ ಇವು ಈ ವರ್ಷಗಳಲ್ಲಿ ಬಾಡಿಗೆ ಕಟ್ಟಿಸುತ್ತವೆ. ಮದುವೆ ಕೆಲಸ ಆಟೋ ಐಎಸ್‌ಒ ಮತ್ತು ಸ್ಲೋ ಮೋಷನ್ ಚಟ ಹಿಡಿಸುತ್ತದೆ, ಅಷ್ಟು ನೆನಪಿರಲಿ.

ಸ್ವತಂತ್ರವಾಗಿ ಮೊದಲ ಚಿತ್ರ

ಸ್ಕ್ರಿಪ್ಟ್ ಮೂರು ಸಲ ಓದಿ. ಮೊದಲ ಸಲ ಪೆನ್ನು ಹಿಡಿಯಬೇಡಿ. ಎರಡನೆಯ ಸಲ ಪ್ರತಿ ದೃಶ್ಯಕ್ಕೆ ಹೊತ್ತು, ಬೆಳಕಿನ ಮೂಲ, ಹಿಂದಿನ ದೃಶ್ಯದಿಂದ ಎಷ್ಟು ಸಮಯ ಕಳೆದಿದೆ ಎಂದು ಬರೆಯಿರಿ. ಮೂರನೆಯ ಸಲ ಹಣದ ಕಣ್ಣಿನಿಂದ: ಯಾವ ದೃಶ್ಯಕ್ಕೆ ಜನರೇಟರ್ ಬೇಕೇಬೇಕು, ಯಾವುದನ್ನು ಹಗಲಿಗೆ ಸರಿಸಿದರೆ ಎರಡು ಲಾರಿ ಲೈಟು ಉಳಿಯುತ್ತದೆ. ಲೊಕೇಶನ್ ನೋಡಲು ಹೋಗುವಾಗ ಶೂಟಿಂಗ್ ಆಗುವ ಹೊತ್ತಿನಲ್ಲೇ ಹೋಗಿ, ದಿಕ್ಸೂಚಿ ಹಿಡಿದು. ಮೀಟರ್ ಬೋರ್ಡು, ಲಾರಿ ನಿಲ್ಲುವ ಜಾಗ, ಪಕ್ಕದ ಕಟ್ಟಡದ ಕೊರೆಯುವ ಕೆಲಸ, ಎಲ್ಲ ಫೋಟೋ ತೆಗೆದುಕೊಳ್ಳಿ. ಲಾಲ್‌ಬಾಗು, ಕಬ್ಬನ್ ಪಾರ್ಕಿಗೆ ತೋಟಗಾರಿಕೆ ಇಲಾಖೆ, ಮೆಟ್ರೋಗೆ ಮೆಟ್ರೋ ನಿಗಮ, ರಸ್ತೆಗೆ ಪೊಲೀಸರು. ಅನುಮತಿ ಪತ್ರದ ಪ್ರತಿ ಜೇಬಿನಲ್ಲಿರಲಿ. ಟ್ರೈಪಾಡ್ ಬಿಚ್ಚಿದ ಎರಡು ನಿಮಿಷಕ್ಕೆ ಸೆಕ್ಯುರಿಟಿಯವರು ಬಂದೇ ಬರುತ್ತಾರೆ.

ಒಪ್ಪಂದ ಒಂದೇ ಪುಟವಾದರೂ ಬರಹದಲ್ಲಿರಲಿ: ಒಟ್ಟು ದಿನ, ದಿನಕ್ಕೆ ಎಷ್ಟು ಗಂಟೆ, ನಿಮ್ಮ ಸಹಾಯಕರ ಬಾಟಾ (ದಿನಭತ್ಯೆ), ಟೈಟಲ್ ಕಾರ್ಡಿನಲ್ಲಿ ಹೆಸರು, ಡಿಐಗೆ ನೀವು ಕೂರುವ ದಿನಗಳು. ಹಣ ಮೂರು ಕಂತು, ಕೊನೆಯದು ಡಿಐ ಶುರುವಾಗುವ ಮೊದಲು. ರಿಲೀಸ್ ಆದ ಮೇಲೆ ಎಂಬ ಮಾತಿಗೆ ಒಪ್ಪಬೇಡಿ. ವೃತ್ತಿಪರ ಶುಲ್ಕದಲ್ಲಿ ಶೇ. 10 ಟಿಡಿಎಸ್ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸಿದರೆ ನಿಮ್ಮ ತೆರಿಗೆ ಲೆಕ್ಕಕ್ಕೆ ಹೊಂದಿ, ಹೆಚ್ಚಿದ್ದರೆ ವಾಪಸು ಬರುತ್ತದೆ.

ಶೂಟಿಂಗ್ ಮುಂಚೆ ಒಂದು ದಿನ ಕ್ಯಾಮೆರಾ ಟೆಸ್ಟ್ ಬಿಡಬೇಡಿ. ನಾಯಕ ನಾಯಕಿಯ ಚರ್ಮ, ಮೇಕಪ್ಪು, ಮುಖ್ಯ ಸೀರೆ ಶರ್ಟುಗಳ ಬಣ್ಣ, ಗೋಡೆಗೆ ಬಳಿಯಲಿರುವ ಬಣ್ಣದ ತುಂಡು ಎಲ್ಲವನ್ನೂ ಸರಿಯಾದ ಎಕ್ಸ್‌ಪೋಷರ್, ಎರಡು ಸ್ಟಾಪ್ ಮೇಲೆ, ಎರಡು ಸ್ಟಾಪ್ ಕೆಳಗೆ ತೆಗೆದು ಕಲರಿಸ್ಟ್ ಜೊತೆ ಕೂತು ನೋಡಿ. ಕಪ್ಪು ಮೈಬಣ್ಣದ ನಟರಿಗೆ ಹೆಚ್ಚು ಬೆಳಕು ಸುರಿಯುವುದು ಹಳೆಯ ತಪ್ಪು. ಪಕ್ಕದಿಂದ ಅಗಲವಾದ ಮೃದು ಬೆಳಕು ಇಟ್ಟರೆ ಚರ್ಮದ ಹೊಳಪೇ ಮುಖದ ಆಕಾರ ಬಿಡಿಸುತ್ತದೆ.

ಡಿಐ ಕೋಣೆಯಲ್ಲಿ ಕೊನೆಯ ಅಪಾಯವಿದೆ. ಟಿವಿ ಮಾನಿಟರಿನ ಹೊಳಪನ್ನು 100 ನಿಟ್ಸ್‌ಗೆ ಹೊಂದಿಸಿರುತ್ತಾರೆ, ಥಿಯೇಟರ್ ಪರದೆಯ ಮಾನದಂಡ 48 ನಿಟ್ಸ್. ಮಾನಿಟರಿನಲ್ಲಿ ಚೆಂದ ಕಂಡ ರಾತ್ರಿ ದೃಶ್ಯ ಹಾಲ್‌ನಲ್ಲಿ ಕೆಸರಾಗುತ್ತದೆ. ಆದ್ದರಿಂದ ಗ್ರೇಡಿಂಗ್ ಪ್ರೊಜೆಕ್ಟರ್ ಇರುವ ಕೋಣೆಯಲ್ಲೇ ಆಗಲಿ. ಡಿಸಿಪಿ (ಥಿಯೇಟರಿಗೆ ಹೋಗುವ ಡಿಜಿಟಲ್ ಪ್ರತಿ) ತಯಾರಾದ ಮೇಲೆ ಎರಡು ಕಡೆ ನೋಡಿ, ಒಂದು ಮಲ್ಟಿಪ್ಲೆಕ್ಸ್, ಒಂದು ಹಳೆಯ ಸಿಂಗಲ್ ಸ್ಕ್ರೀನ್, ಬೆಳಗಿನ ಆಟಕ್ಕೆ ಮುಂಚೆ. ದೀಪ ಮಂಕಾದ ಪ್ರೊಜೆಕ್ಟರಿನಲ್ಲಿ ರಾತ್ರಿ ದೃಶ್ಯದ ಕಣ್ಣುಗಳು ಹಿಂದಿನ ಸಾಲಿನಿಂದ ಕಾಣುತ್ತಿವೆಯೇ ಎಂದು ಗಮನಿಸಿ. ಕಾಣದಿದ್ದರೆ ಆ ರೀಲನ್ನಷ್ಟೇ ಕಾಲು ಸ್ಟಾಪ್ ಎತ್ತಿಸಿ, ಹೊಸ ಡಿಸಿಪಿ ಬಂದ ಮೇಲೆ ಅದೇ ಹಾಲ್‌ನಲ್ಲಿ ಅದೇ ಸೀಟಿನಲ್ಲಿ ಕೂತು ಮತ್ತೊಮ್ಮೆ ನೋಡಿ.